ತೊಳೆಯದ ಲೇಸು

ಇಪ್ಪತ್ತೊಂಬತ್ತು ವರ್ಷ ನಾನು ಅವಳಿಗೆ ಗುಂಡುಸೂಜಿ ಎತ್ತಿಕೊಟ್ಟವಳು.
ಮಣಿಕಟ್ಟಿನ ಮೇಲೊಂದು ಪುಟ್ಟ ದಿಂಬು, ತುಟಿಗಳ ನಡುವೆ ಇನ್ನೂ ನಾಲ್ಕು.
ಅದಕ್ಕೇ ಇರಬೇಕು,
ಒಮ್ಮೆಯೂ ಅವಳಿಗೆ ಎದುರಾಡಲಿಲ್ಲ.

ಜಿಸ್ಲೇನ್ ದೆಲ್‌ಪ್ಲಾಂಕ್.
ಪ್ಯಾರಿಸ್ಸಿನ ಹೆಂಗಸರು ಆ ಹೆಸರನ್ನು ಮೆಲ್ಲಗೆ,
ರೇಷ್ಮೆ ಎಳೆದ ಹಾಗೆ ಎಳೆದು ಹೇಳುತ್ತಿದ್ದರು.
ಹುಟ್ಟಿದ್ದು ಕ್ಯಾಲೆಯಲ್ಲಿ, ಲೇಸಿನ ಮಗ್ಗಗಳ ಬೀದಿ,
ಹಗಲೂ ಇರುಳೂ ನೆಲ ನಡುಗುವ ಮನೆ.
ಸೂಪಿನ ತಟ್ಟೆಯಲ್ಲಿ ಸದಾ ಒಂದು ಸಣ್ಣ ಅಲೆ.

ಎಣ್ಣೆ ಬಿದ್ದರೆ ನೂಲು ಕೆಡುತ್ತದೆ. ಅದಕ್ಕೆ ಅವಳಪ್ಪ
ಪೆನ್ಸಿಲ್ಲಿನ ಹೊಟ್ಟೆಯೊಳಗಿನ ಆ ಕಪ್ಪು ಪುಡಿಯನ್ನೇ
ಮಗ್ಗದ ಕೀಲುಗಳಿಗೆ ಸವರುತ್ತಿದ್ದ.
ಸಂಜೆ ಬಾಗಿಲಲ್ಲಿ ನಿಂತರೆ ಕೈ, ಕಿವಿ, ಕಣ್ಣಂಚು
ಯಾರೋ ಬರೆದು ಅಳಿಸಿದ ಹಾಗೆ.
ಮಗ್ಗದಿಂದಿಳಿದ ಲೇಸೂ ಹಾಗೇ,
ಬೂದು, ಮಂಕು, ಮುಟ್ಟಿದರೆ ಬೆರಳಿಗೆ ಮಸಿ.
ಹೆಚ್ಚುವರಿ ಎಳೆ ಕೀಳುವುದು ಅಮ್ಮನ ಪಾಲು,
ಕಿಟಕಿಯ ಬಳಿ, ಗಜಕ್ಕಿಷ್ಟು ಎಂದು.
ಆಮೇಲೆ ತೊಳೆದು, ಬಿಳುಪೇರಿಸಿ, ಗಂಜಿ ಹಾಕಿ
ಯಾವುದೋ ಮದುಮಗಳ ತಲೆಗೆ.
ಕೈ ಕಪ್ಪಾದರೆ ಬಾಯಿಗೆ ಬ್ರೆಡ್ಡು:
ಆ ಬೀದಿಯ ವೇದಾಂತ ಅಷ್ಟೇ.

ಹದಿನೇಳಕ್ಕೆ ಪ್ಯಾರಿಸ್. ಹನ್ನೊಂದು ವರ್ಷ
ಬೇರೆಯವರ ಹೆಸರಿನ ಅಂಗಿಗಳಿಗೆ ಕೊಕ್ಕೆ ಹೊಲಿದಳು.
ಆಮೇಲೆ, ಬೀಗ ರಿಪೇರಿಯವನ ಮಹಡಿಯ ಮೇಲೆ ಎರಡು ಕೋಣೆ,
ಆರು ಫ್ರಾಕು, ಒಬ್ಬಳೇ ಗಿರಾಕಿ:
ಒಬ್ಬ ದಂತವೈದ್ಯೆ. ಅವಳೂ ಕಂತಿನಲ್ಲಿ ಕೊಟ್ಟಳು.

ಕತ್ತರಿಸುವ ಮುನ್ನ ಬಟ್ಟೆಯನ್ನು ರಾತ್ರಿಯಿಡೀ ತೂಗುಬಿಡುತ್ತಿದ್ದಳು.
"ಅದರ ಭಾರ ಅದಕ್ಕೇ ಗೊತ್ತಾಗಲಿ."
ಮಾಡೆಲ್ ಹುಡುಗಿಯರಿಗೆ ಹೇಳುತ್ತಿದ್ದುದು ಒಂದೇ:
"ಊಟ ಮಾಡಿಕೊಂಡು ಬಾ.
ಹೊಟ್ಟೆ ಒಳಗೆಳೆಯಬೇಡ. ಉಸಿರು ಬಿಡು.
ಇನ್ನೂ ಬಿಡು.
ಹಾಂ, ಈಗ ಅಳತೆ."
ಬೇರೆ ಮನೆಗಳಲ್ಲಿ ಹೆಣ್ಣು ಅಂಗಿಯೊಳಗೆ ತೂರಬೇಕಿತ್ತು.
ಇಲ್ಲಿ ಅಂಗಿ ಸ್ವಲ್ಪ ಸರಿದು ಕೂತು
ಜಾಗ ಕೊಡುತ್ತಿತ್ತು, ರೈಲಿನಲ್ಲಿ ಒಳ್ಳೆಯವರು ಕೊಡುವಂತೆ.

ಆ ಮಾರ್ಚಿನಲ್ಲಿ ಕಾರ್ಖಾನೆಗೆ ಫೋನು:
"ನಾನ್ನೂರು ಮೀಟರು. ತೊಳೆಯದೆ ಕಳಿಸಿ."
ಆ ಕಡೆ ಯಾರೋ ಎರಡು ಸಲ ಕೇಳಿಸಿಕೊಂಡರು.

ಬೂದು ಗೌನುಗಳು ಒಂದರ ಹಿಂದೊಂದು ನಡೆದು ಬಂದವು.
ಹುಡುಗಿಯರ ಕತ್ತಿನಲ್ಲಿ, ಮೊಣಕೈಯಲ್ಲಿ ಕಪ್ಪು ಗೆರೆ,
ಮುಂದಿನ ಸಾಲಿನ ಬಿಳಿ ಕುರ್ಚಿಗೂ ಒಂದು ಗೀರು.
ಚಪ್ಪಾಳೆ ಎಲ್ಲಿ ಶುರುವಾಗಬೇಕೋ ಯಾರಿಗೂ ತಿಳಿಯಲಿಲ್ಲ.
ಮರುದಿನ ಪತ್ರಿಕೆ: "ಹೊಗೆಗೂಡಿನಿಂದಿಳಿದ ವಧುಗಳು."
ಒಂಬತ್ತು ಆರ್ಡರುಗಳಲ್ಲಿ ಏಳು ವಾಪಸು.

ಕೊನೆಯ ಸಾಲಿನಲ್ಲಿ, ಮದುವೆಯ ದಿನದ ಕೋಟು ತೊಟ್ಟು
ಅವಳಪ್ಪ ಕೂತಿದ್ದ. ಎಲ್ಲ ಹೋದ ಮೇಲೆ ಎದ್ದು ಬಂದ,
ಒಂದು ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದ.
"ಮಗಳೇ, ತೊಳೆಯೋದು ಮರೆತುಹೋಯ್ತಾ?"
ಅವಳು ನಕ್ಕಳು ನೋಡಿ,
ಇಸ್ತ್ರಿ ಮೇಜು ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು.
ನಾನು ಸೂಜಿಗಳನ್ನು ಬಾಯಿಂದ ತೆಗೆದಿಟ್ಟೆ,
ನುಂಗಿಬಿಟ್ಟೇನೆಂದು.

ಮುಂದಿನ ಋತುವಿಗೆ ಬಿಳಿಯನ್ನೇ ಮಾಡಿದಳು.
ಹದಿನಾಲ್ಕು ಜನರ ಸಂಬಳ, ಏನು ಮಾಡುತ್ತೀರಿ.
ಕಡೆಗೆ ಹೆಸರನ್ನೂ ಮಾರಿದಳು, ಒಂದು ಸೆಂಟಿನ ಕಂಪನಿಗೆ.
ಈಗ ವಿಮಾನ ನಿಲ್ದಾಣಗಳಲ್ಲಿ ಸಿಗುತ್ತದೆ. ಮಲ್ಲಿಗೆಯ ವಾಸನೆ.
ಅವಳಿಗೆ ಮಲ್ಲಿಗೆ ಅಂದರೆ ಸೀನು.

ಹೋದ ಗುರುವಾರ ವಸ್ತುಸಂಗ್ರಹಾಲಯದಿಂದ ಒಬ್ಬ ಹುಡುಗಿ ಬಂದಿದ್ದಳು.
ಬೂದು ಗೌನುಗಳಲ್ಲಿ ಉಳಿದದ್ದು ಅದೊಂದೇ ಅಂತೆ.
ಹತ್ತಿಯ ಕೈಗವಸು, ತಗ್ಗಿದ ದನಿ:
"ತುಂಬಾ ಕೊಳೆಯಾಗಿದೆ, ಮದಾಮ್.
ತೊಳೆದರೆ ಲೇಸು ಅಲ್ಲವೇ?"

ಬಾಯಲ್ಲಿ ಈಗ ಸೂಜಿ ಇಲ್ಲ.
ಹಲ್ಲೂ ಅರ್ಧ ಇಲ್ಲ.
"ತೊಳೆಯದಿದ್ದರೇ ಲೇಸು," ಎಂದೆ,
ನನಗೇ ಬೆಚ್ಚುವಷ್ಟು ಗಟ್ಟಿಯಾಗಿ.